ಮಾಲಿಯೇ ಕೊಲೆಗಾರ!

ಆ ಪತ್ತೇದಾರಿ ಧಾರಾವಾಹಿಯ ಮೊದಲ ಕಂತು ಶುರುವಾಗಿ ಕೂತ ಸೋಫಾ ಇನ್ನೂ ಬೆಚ್ಚಗಾಗಿರಲಿಲ್ಲ, ನಾನು ಎದ್ದುನಿಂತು ಘೋಷಿಸಿಬಿಟ್ಟೆ: "ಮಾಲಿಯೇ ಕೊಲೆಗಾರ!"

ನನ್ನ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಟೀವಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಲ್ಲಿ ಇನ್ನೂ ಕೊಲೆಯೇ ಆಗಿರಲಿಲ್ಲ. ಮುಂದೆ ಕೊಲೆಯಾಗಬೇಕಾಗಿದ್ದ ಶ್ರೀಮಂತ ವಿಧವೆ ತನ್ನ ಬಂಗಲೆಯ ಗಾಜಿನ ಮನೆಯಲ್ಲಿ ಹೂಗಿಡಗಳಿಗೆ ನೀರು ಹಾಕುತ್ತ ಗುಂಡುಕಲ್ಲಿನ ಹಾಗಿದ್ದಳು. ಪಕ್ಕದಲ್ಲಿ ಒಬ್ಬ ಕುಂಟು ಮಾಲಿ ದೊಡ್ಡ ಕತ್ತರಿ ಹಿಡಿದು ಅವಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದ.

"ಕೊಲೆ ಆಗ್ಲಿ ಇರಿ, ಆಮೇಲೆ ಹೇಳೋರಂತೆ," ಎಂದಳು ಹೆಂಡತಿ.

"ಕೊಲೆ ಆದ್ಮೇಲೆ ಯಾರು ಬೇಕಾದ್ರೂ ಹೇಳ್ತಾರೆ. ಮೊದಲೇ ಹೇಳೋದ್ರಲ್ಲಿ ಇರೋದು ಬುದ್ಧಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಬರೆಯುವ ಗತಿ ನನಗೆ ಬರುತ್ತಿರಲಿಲ್ಲ. ಆದರೆ ಜಂಬ ಕೊಚ್ಚಲು ಬಾಯಿ ತೆರೆದವನಿಗೆ ಅದನ್ನು ಮುಚ್ಚುವ ವಿದ್ಯೆ ಗೊತ್ತಿರಬೇಕಲ್ಲ! ಕಡೆಯ ಕಂತಿನಲ್ಲಿ ಪತ್ತೇದಾರ ಬಾಯಿ ಬಿಡುವ ಮೊದಲೇ ಎಲ್ಲರ ಎದುರು ಎದ್ದುನಿಂತು ಕೊಲೆಗಾರನ ಹೆಸರು ಹೇಳುತ್ತೇನೆ, ತಪ್ಪಾದರೆ ಈ ಮನೆಯ ರಿಮೋಟನ್ನು ಇನ್ನು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದೆ. ಹೆಂಡತಿ "ನೋಡೋಣ" ಎಂದಳು. ಅವಳು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಬೆಳಗಿನ ಪಾಳಿ ಮಾಡುವವಳು. ಊರವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ ಹೇಳಿ, ಮನೆಗೆ ಬಂದ ಮೇಲೆ ನನಗೆ ಉಳಿಯುವುದು ಇಂಥ ಒಂದೊಂದು ಪದವೇ.

ಇನ್ನು ನನ್ನ ಉದ್ಯೋಗ. ನಾನು ಹಾಸಿಗೆ ಅಂಗಡಿಯಲ್ಲಿ ಮಾರಾಟಗಾರ. ಬಂದ ಗಿರಾಕಿಯ ಚಪ್ಪಲಿ ಬಿಡಿಸಿ, ಸ್ಪ್ರಿಂಗ್ ಹಾಸಿಗೆಯೋ ಫೋಮ್ ಹಾಸಿಗೆಯೋ ಒಂದರ ಮೇಲೆ ಮಲಗಿಸಿ, ತಲೆಯ ಹತ್ತಿರ ನಿಂತು ಮೆತ್ತಗಿನ ದನಿಯಲ್ಲಿ "ಕಣ್ಣು ಮುಚ್ಚಿ, ಉಸಿರು ನಿಧಾನ ಬಿಡಿ, ಬೆನ್ನು ಸಡಿಲ ಮಾಡಿ" ಎನ್ನುವುದೇ ನನ್ನ ಕಸುಬು. ಬೆಳಿಗ್ಗೆಯಿಂದ ಸಂಜೆವರೆಗೆ ಕಂಡಕಂಡವರಿಗೆಲ್ಲ ಜೋಗುಳ ಹಾಡುವ ಗಂಡಸು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಮಲಗಿದ ಭಂಗಿ ನೋಡಿಯೇ ಆ ಮನುಷ್ಯನ ಜಾತಕ ಹೇಳಬಲ್ಲೆ ಎಂಬ ಹೆಮ್ಮೆ ನನಗಿತ್ತು. ಅಂಥವನಿಗೆ ಒಬ್ಬ ಕುಂಟು ಮಾಲಿ ಯಾವ ಲೆಕ್ಕ!

ಆ ಧಾರಾವಾಹಿಯ ಪತ್ತೇದಾರನಿಗೆ ನಾನು ಕೋಟಣ್ಣ ಎಂದು ಹೆಸರಿಟ್ಟಿದ್ದೆ. ಅವನನ್ನು ಹೆಂಡತಿ ಬಿಟ್ಟುಹೋಗಿದ್ದಳು, ನಿದ್ದೆ ಬಿಟ್ಟುಹೋಗಿತ್ತು, ಬಿಟ್ಟುಹೋಗದೆ ಉಳಿದದ್ದು ಅವನ ಕೋಟು ಒಂದೇ. ಮನೆಯಲ್ಲಿ ದೀಪ ಹಾಕುವುದಿಲ್ಲ. ಫ್ರಿಜ್ ತೆಗೆದರೆ ಒಳಗೆ ಒಣಗಿದ ನಿಂಬೆಹಣ್ಣೊಂದು ಅವನನ್ನೇ ನೋಡುತ್ತಿರುತ್ತದೆ. ಯಾರು ಏನು ಕೇಳಿದರೂ ಉತ್ತರ ಕೊಡದೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾನೆ. ಮೇಲಧಿಕಾರಿ ದಿನಾ ಅವನನ್ನು ಕೇಸಿನಿಂದ ತೆಗೆದುಹಾಕುತ್ತಾನೆ, ಇವನು ದಿನಾ ಹಿಂಬಾಗಿಲಿನಿಂದ ಬಂದು ಅದೇ ಕೇಸಿಗೆ ಕೈಹಾಕುತ್ತಾನೆ. ನನ್ನ ಅಂಗಡಿಯಲ್ಲಿ ಒಂದು ದಿನ ಹೀಗೆ ಮಾಡಿದ್ದರೆ ಯಜಮಾನರು ಹಿಂಬಾಗಿಲಿಗೂ ಬೀಗ ಜಡಿಯುತ್ತಿದ್ದರು. ಅವನ ಕಷ್ಟ ನೋಡಿದಾಗೆಲ್ಲ ನನಗೆ ಅನ್ನಿಸುತ್ತಿದ್ದುದು ಒಂದೇ: ಬೆನ್ನಿಗೆ ಒಗ್ಗುವ ಒಳ್ಳೆಯ ಹಾಸಿಗೆ ಯಾರಾದರೂ ಅವನಿಗೆ ಕೊಡಿಸಿದ್ದರೆ ಇಡೀ ಧಾರಾವಾಹಿ ಎರಡೇ ಕಂತಿನಲ್ಲಿ ಮುಗಿದುಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ಕಾಯಿದೆ ಇತ್ತು. ಒಬ್ಬರನ್ನು ಬಿಟ್ಟು ಒಬ್ಬರು ಯಾವ ಕಂತನ್ನೂ ನೋಡಕೂಡದು. ಎಲ್ಲ ಕಂತುಗಳೂ ಒಟ್ಟಿಗೇ ಬಂದಿದ್ದರೂ, ನಾನು ಅಂಗಡಿಯಿಂದ ಬಂದು ಕಾಫಿ ಕುಡಿದ ಮೇಲೆ, ದಿನಕ್ಕೊಂದೇ ಕಂತು, ಇಬ್ಬರೂ ಜೊತೆಗೆ. ಈ ಕಾಯಿದೆ ತಂದವನೂ ನಾನೇ. ಸೋಫಾದ ಮೂಲೆ ನನ್ನದು, ಕುತ್ತಿಗೆಗೆ ದಿಂಬು, ಕಾಲಿಗೆ ಸ್ಟೂಲು. ಅಂಥ ಏಕಾಗ್ರತೆ ನನ್ನದು! ಕೆಲವು ಸೂಕ್ಷ್ಮ ಘಟ್ಟಗಳಲ್ಲಿ ಚೆನ್ನಾಗಿ ಯೋಚಿಸಲೆಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನನಗಿದ್ದ ತಕರಾರು ಒಂದೇ, ಈಗಿನವರು ಕಂತುಗಳನ್ನು ತೀರ ಚಿಕ್ಕದಾಗಿ ಮಾಡುತ್ತಾರೆ. ಶುರುವಾಯಿತು ಎನ್ನುವಷ್ಟರಲ್ಲಿ ಮುಗಿದುಹೋಗಿ ಹೆಸರುಗಳು ಮೇಲಕ್ಕೆ ಹರಿಯುತ್ತಿರುತ್ತವೆ.

ಎರಡನೇ ಕಂತಿನ ದಿನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಂಡಿನೋವಿನ ಚಿಕಿತ್ಸೆಗೆಂದು ನಮ್ಮ ಮನೆಗೆ ಬಂದಿಳಿದರು. ಮಂಡಿ ಎಷ್ಟು ನೋಯುತ್ತಿತ್ತೋ ಕಾಣೆ, ಸಂಜೆ ಟೀವಿ ಹಾಕಿದ ಸದ್ದಾದರೆ ಸಾಕು, ಎಲ್ಲರಿಗಿಂತ ಮೊದಲು ಬಂದು ಸೋಫಾದ ನಡುವೆ ಕೂರುತ್ತಿದ್ದರು.

ಅನಾಹುತ ಶುರುವಾದದ್ದು ಒಂದು ಬೆಳಿಗ್ಗೆ. ನಾನು ಬಚ್ಚಲಿನಲ್ಲಿ ಗಡ್ಡಕ್ಕೆ ನೊರೆ ಬಳಿದುಕೊಂಡು ನಿಂತಿದ್ದೆ. ಪಕ್ಕದ ಅಡುಗೆಮನೆಯಲ್ಲಿ ತಾಯಿ ಮಗಳು ಕೋಟಣ್ಣನ ವಿಷಯ ಮಾತಾಡಿಕೊಳ್ಳುತ್ತಿದ್ದರು. ಪಾಪ ಆ ಮಗಳು ಎಷ್ಟು ವರ್ಷದ ಮೇಲೆ ಅಪ್ಪನ ಮುಖ ನೋಡಿದಳೋ ಎಂದು ಇವಳು ಮರುಗಿದಳು. ಆಸ್ಪತ್ರೆಯಲ್ಲಿ ಅವನು ಅತ್ತಾಗ ನನಗೂ ತಡೆಯಲಾಗಲಿಲ್ಲ ಎಂದು ಅತ್ತೆ ಮೂಗೊರೆಸಿಕೊಂಡರು.

ಬ್ಲೇಡು ನನ್ನ ಗದ್ದಕ್ಕೆ ಕಚ್ಚಿತು. ಯಾವ ಮಗಳು? ಯಾವ ಆಸ್ಪತ್ರೆ? ಕೋಟಣ್ಣ ಅತ್ತನೇ? ನಾನು ಒಂದೇ ಒಂದು ಕಂತನ್ನೂ ತಪ್ಪಿಸಿದವನಲ್ಲ. ಕೋಟಣ್ಣನಿಗೆ ನಿಂಬೆಹಣ್ಣು ಬಿಟ್ಟರೆ ಸಂಸಾರವೇ ಇರಲಿಲ್ಲ! ಹಾಗಾದರೆ ಇದರ ಅರ್ಥ ಒಂದೇ. ನಾನು ಅಂಗಡಿಯಲ್ಲಿ ಜೋಗುಳ ಹಾಡುತ್ತಿರುವಾಗ ಈ ತಾಯಿ ಮಗಳು ಮಧ್ಯಾಹ್ನ ಕೂತು ಮುಂದಿನ ಕಂತುಗಳನ್ನು ಕದ್ದು ನೋಡುತ್ತಿದ್ದಾರೆ.

ತಮಾಷೆಯ ಮಾತು ಹಾಗಿರಲಿ, ನನಗೆ ನಿಜವಾಗಿ ನೋವಾಯಿತು. ಇಡೀ ದಿನದಲ್ಲಿ ನಾವಿಬ್ಬರೂ ಜೊತೆಗೆ ಕೂರುತ್ತಿದ್ದುದು ಅದೊಂದೇ ಹೊತ್ತು. ಆ ಹೊತ್ತನ್ನು ಅವಳು ನನ್ನ ಬೆನ್ನಹಿಂದೆ ತನ್ನ ತಾಯಿಯ ಜೊತೆ ಹಂಚಿಕೊಂಡಿದ್ದಾಳೆ, ಸಂಜೆ ನನ್ನ ಪಕ್ಕ ಕೂತು ಏನೂ ಗೊತ್ತಿಲ್ಲದವಳ ಹಾಗೆ ಹುಬ್ಬು ಹಾರಿಸುತ್ತಾಳೆ! ನೇರವಾಗಿ ಕೇಳಿಬಿಡಬಹುದಿತ್ತು. ಆದರೆ ಕೋಟಣ್ಣ ಯಾರನ್ನಾದರೂ ನೇರವಾಗಿ ಕೇಳಿದ್ದುಂಟೇ? ಮೊದಲು ಸಾಕ್ಷ್ಯ, ಆಮೇಲೆ ಬಂಧನ. ಗದ್ದಕ್ಕೆ ಹತ್ತಿ ಒತ್ತಿಕೊಂಡು ಅಂದೇ ತನಿಖೆ ಕೈಗೆತ್ತಿಕೊಂಡೆ.

ಅವತ್ತಿನಿಂದ ಗಡ್ಡ ಬಿಟ್ಟೆ. ಮೋಡದ ಸುಳಿವೇ ಇಲ್ಲದ ಉರಿಬಿಸಿಲಿನಲ್ಲಿ ಮಳೆಗಾಲದ ಉದ್ದ ಕೋಟು ತೊಟ್ಟು ತಿರುಗಿದೆ. ಊಟಕ್ಕೆ ಕರೆದರೆ ಉತ್ತರ ಕೊಡದೆ ಕಿಟಕಿಯ ಹತ್ತಿರ ಹೋಗಿ ನಿಂತೆ. ಕೋಟಣ್ಣನ ಕಿಟಕಿಯ ಆಚೆ ಇಡೀ ನಗರದ ದೀಪಗಳು ಮಿನುಗುತ್ತವೆ. ನನ್ನದರ ಆಚೆ ಪಕ್ಕದ ಮನೆಯವರ ಬನಿಯನ್ನುಗಳು ಒಣಗುತ್ತಿದ್ದವು. ಆದರೂ ಬಿಡದೆ ಅವನ್ನೇ ದಿಟ್ಟಿಸಿದೆ. ಪಕ್ಕದ ಮನೆಯಾಕೆ ಎರಡು ದಿನ ನೋಡಿ ಬಟ್ಟೆ ಒಣಹಾಕುವ ಜಾಗವನ್ನೇ ಬದಲಾಯಿಸಿದಳು.

ಅಂಗಡಿಯಲ್ಲಿ ಇನ್ನೂ ಚೆಂದ. ಗಂಡಹೆಂಡತಿ ಇಬ್ಬರು ಬಂದು ಒಬ್ಬರಷ್ಟೇ ಮಲಗುವ ಸಣ್ಣ ಹಾಸಿಗೆ ಕೇಳಿದರು. ನಾನು ಕೋಟಿನ ಕಾಲರು ಮೇಲೆತ್ತಿ, ಈ ಏರ್ಪಾಡು ಯಾವತ್ತಿನಿಂದ ಎಂದು ಗಂಡನನ್ನು ಕೇಳಿದೆ. ಆತ ತಬ್ಬಿಬ್ಬಾದ. ನಿನ್ನೆ ಎಲ್ಲಿ ಮಲಗಿದ್ದಿರಿ, ಜೊತೆಗೆ ಯಾರಿದ್ದರು ಎಂದು ಹೆಂಡತಿಯನ್ನೂ ವಿಚಾರಿಸಿದೆ. ಹಾಸಿಗೆ ಬೇಕಿದ್ದುದು ಹಾಸ್ಟೆಲಿಗೆ ಹೊರಟಿದ್ದ ಅವರ ಮಗಳಿಗಂತೆ. ಅದು ನನಗೆ ತಿಳಿದದ್ದು ಯಜಮಾನರ ಬಾಯಿಂದ, ಬಾಕಿ ಅನೇಕ ವಿಷಯಗಳ ಜೊತೆಗೆ. ಮುಖ್ಯವಾದದ್ದು, ಇನ್ನೊಬ್ಬ ಗಿರಾಕಿಯನ್ನು ಹಾಸಿಗೆಯ ಅಳತೆ ಬಿಟ್ಟು ಬೇರೇನಾದರೂ ಕೇಳಿದರೆ ನನ್ನನ್ನು ಗೋಡೌನಿನಲ್ಲಿ ದಿಂಬಿಗೆ ಹತ್ತಿ ತುಂಬಲು ಕೂರಿಸುತ್ತಾರಂತೆ. ಮೇಲಧಿಕಾರಿಗಳು ನನ್ನನ್ನೂ ಕೇಸಿನಿಂದ ತೆಗೆಯುತ್ತಿದ್ದಾರೆಂದು ನನಗೆ ಒಳಗೊಳಗೇ ಖುಷಿಯಾಯಿತು.

ಮನೆಯಲ್ಲಿ ಒಂದು ಸಂಜೆ ಗಾಳ ಹಾಕಿದೆ. ಮಾಲಿ ಎಷ್ಟೋ ಕಂತುಗಳಿಂದ ಕಾಣುತ್ತಲೇ ಇಲ್ಲವಲ್ಲ, ಗಮನಿಸಿದಿರಾ ಎಂದು ಸಹಜವಾಗಿ ಕೇಳಿದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿದಿರಾ, ಸಿಕ್ಕಿಬಿದ್ದರು!

"ತಲೆಮರೆಸ್ಕೊಂಡಿದಾನೆ. ಅಪರಾಧಿಗಳೆಲ್ಲ ಹೀಗೇ," ಎಂದೆ.

"ಹೌದಪ್ಪ," ಎಂದರು ಅತ್ತೆ ಮಂಡಿ ನೀವಿಕೊಳ್ಳುತ್ತ, "ಸದ್ಯಕ್ಕೆ ವಾಪಸ್ ಬರೋ ಹಾಗಂತೂ ಕಾಣೋದಿಲ್ಲ."

ಹೆಂಡತಿ ತುಟಿ ಕಚ್ಚಿಕೊಂಡು ಅಡುಗೆಮನೆಗೆ ಎದ್ದುಹೋದಳು. ನನಗೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಯಿತು. ಇವರು ಕಡೆಯ ಕಂತನ್ನೂ ನೋಡಿಯಾಗಿದೆ, ಮಾಲಿ ಸಿಕ್ಕಿಬಿದ್ದಿದ್ದಾನೆ, ನನ್ನ ಮಾತು ನಿಜವಾದದ್ದನ್ನು ಅವಳಿಂದ ಸಹಿಸಲಾಗುತ್ತಿಲ್ಲ!

ಮರುದಿನ ಅಂಗಡಿಗೆ ಹೊರಡುವ ಮೊದಲು ರಿಮೋಟಿನ ಮೇಲೆ ಮುಖಕ್ಕೆ ಹಚ್ಚುವ ಪೌಡರು ತೆಳ್ಳಗೆ ಉದುರಿಸಿದೆ. ಮುಟ್ಟಿದವರ ಬೆರಳಚ್ಚು ಮೂಡಲೇಬೇಕು. ಸಂಜೆ ಬಂದು ನೋಡಿದರೆ ರಿಮೋಟು ಲಕಲಕ ಹೊಳೆಯುತ್ತಿತ್ತು. ಬೆರಳಚ್ಚು ಒರೆಸಿ ಸಾಕ್ಷ್ಯ ನಾಶ! ಪಳಗಿದ ಅಪರಾಧಿಗಳು ಮಾಡುವುದೇ ಅದು. ಹೆಂಡತಿಯನ್ನು ಕೇಳಿದ್ದಕ್ಕೆ, ಯಾರೋ ಡಬ್ಬಿಗಟ್ಟಲೆ ಪೌಡರು ಚೆಲ್ಲಿದ್ದರು, ಅಮ್ಮ ಬೆಳಿಗ್ಗೆಯಿಂದ ಸೀನಿ ಸೀನಿ ಸುಸ್ತಾಗಿದ್ದಾರೆ, ಒರೆಸದೆ ಪೂಜೆ ಮಾಡಬೇಕಿತ್ತೇ ಎಂದು ನನಗೇ ತಿರುಗಿ ಕೇಳಿದಳು. ಕಡೆಯ ಕಂತಿಗೆ ಮೊದಲು ನಡುವೆ ಉಳಿದಿದ್ದುದು ಇನ್ನೊಂದೇ ದಿನ. ಇನ್ನು ರೆಡ್‌ಹ್ಯಾಂಡಾಗಿ ಹಿಡಿಯುವುದೊಂದೇ ದಾರಿ.

ನಮ್ಮ ಹಾಲಿನ ಗೋಡೆಗೆ ಒಂದು ದಪ್ಪ ಫೋಮ್ ಹಾಸಿಗೆ ಒರಗಿಸಿಟ್ಟಿತ್ತು. ಅಂಗಡಿಯಲ್ಲಿ ಜನ ಮಲಗಿ ಮಲಗಿ ನಡುವೆ ತಗ್ಗಾದದ್ದೆಂದು ಯಜಮಾನರು ನನಗೇ ಕೊಟ್ಟಿದ್ದರು. ಮಾರನೆಯ ಮಧ್ಯಾಹ್ನ ಹಲ್ಲುನೋವಿನ ನೆಪ ಹೇಳಿ ಅಂಗಡಿಯಿಂದ ಬೇಗ ಹೊರಟು, ಹೆಂಡತಿ ಪಾಳಿ ಮುಗಿಸಿ ಬರುವ ಮೊದಲೇ, ಅತ್ತೆ ಒಳಕೋಣೆಯಲ್ಲಿ ಅಡ್ಡಾಗಿದ್ದ ಸಮಯ ನೋಡಿ, ಕಳ್ಳಹೆಜ್ಜೆಯಲ್ಲಿ ಹಾಲಿಗೆ ಬಂದು ಆ ಹಾಸಿಗೆಯ ಹಿಂದೆ ನುಸುಳಿಕೊಂಡೆ. ಇಲ್ಲಿಂದ ಟೀವಿ ಹಾಕಿದ ಸದ್ದು ಕೇಳಿದೊಡನೆ ಹೊರಗೆ ಜಿಗಿದು, ಕೋಟು ಕೊಡವಿ, "ಆಟ ಮುಗಿಯಿತು" ಎನ್ನುವುದೆಂದು ಮಾತನ್ನೂ ಸಿದ್ಧಪಡಿಸಿಕೊಂಡಿದ್ದೆ.

ಒಳಗೆ ಕತ್ತಲೆ. ಬೆನ್ನಿಗೆ ಗೋಡೆ, ಎದೆಗೆ ಮೆತ್ತನೆಯ ಫೋಮು. ಮೈಮೇಲೆ ಬೆಚ್ಚನೆಯ ಕೋಟು. ಕಾಯುತ್ತಾ ನಿಂತವನು ಉಸಿರು ನಿಧಾನ ಬಿಟ್ಟೆ, ಬೆನ್ನು ಸಡಿಲ ಮಾಡಿದೆ. ಮುಂದಿನ ಪ್ರಕರಣವನ್ನು ನಾನು ಪ್ರತ್ಯಕ್ಷದರ್ಶಿಗಳ ಹೇಳಿಕೆಯ ಆಧಾರದಿಂದಲೇ ಬರೆಯಬೇಕಾಗಿದೆ.

ಹೆಂಡತಿ ಬಂದಳಂತೆ. ತಾಯಿ ಮಗಳು ಹಾಲಿನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರಂತೆ. ಟೀವಿಯ ತಂಟೆಗೇ ಹೋಗಿರಲಿಲ್ಲವಂತೆ. ಆಗ ಗೋಡೆ ಗುರುಗುಟ್ಟಿತಂತೆ. ನಲ್ಲಿಯ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಮೊದಲು ಅಂದುಕೊಂಡರಂತೆ. ಗುರುಗುಟ್ಟುವುದು ನಿಂತು ಸೀಟಿ ಶುರುವಾಯಿತು, ಸೀಟಿ ನಿಂತು ಮತ್ತೆ ಗುರುಗುಟ್ಟುವುದು. ಹಾಸಿಗೆ ಉಬ್ಬಿತು, ಇಳಿಯಿತು. ಅದರ ಕೆಳಗಿನಿಂದ ಎರಡು ಬೂಟುಗಳು ಇಣುಕುತ್ತಿದ್ದವು. ಅತ್ತೆ ಮಂಡಿನೋವು ಮರೆತು ಸೋಫಾದ ಮೇಲೆ ಹತ್ತಿದರು. ಹೆಂಡತಿ ತನ್ನ ತಂಗಿಯ ಗಂಡನಿಗೆ ಫೋನು ಮಾಡಿದಳು.

ಈತ ನನ್ನ ಷಡ್ಡಕ, ನಿಜವಾದ ಪೊಲೀಸು. ಆದರೆ ಎಂಥ ಪೊಲೀಸು ಅಂತೀರಿ! ಕಳೆದುಹೋದ ವಸ್ತುಗಳ ವಿಭಾಗದಲ್ಲಿ ಕೆಲಸ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಕೀಲಿಕೈ, ಒಂಟಿ ಬೂಟುಗಳ ನಡುವೆ ಕೂರುವವನು. ಅವನು ಭೇದಿಸಿದ ಅತಿ ದೊಡ್ಡ ಪ್ರಕರಣವೆಂದರೆ ಒಂದು ಹಲ್ಲಿನ ಸೆಟ್ಟು ಯಾರದೆಂದು ಪತ್ತೆ ಮಾಡಿದ್ದು. ಪತ್ತೇದಾರಿ ಧಾರಾವಾಹಿ ನೋಡು ಎಂದರೆ, ಮನೆಯಲ್ಲೂ ಆಫೀಸೇ, ಬೇಡ ಎನ್ನುವವನು. ನಾನು ಅವನನ್ನು ಎಷ್ಟು ಸಲ ಆಡಿಕೊಂಡಿದ್ದೆನೋ!

ಅಂಥವನು ಪಕ್ಕದ ಬೀದಿಯಿಂದ ಓಡಿಬಂದು ಹಾಸಿಗೆಯನ್ನು ಎಳೆದ. ಹಾಸಿಗೆ ಆ ಕಡೆ ಬಿತ್ತು, ನಾನು ಅದರ ಮೇಲೆ ಬಿದ್ದೆ. ಕಣ್ಣು ಬಿಟ್ಟಾಗ ನನ್ನ ಕತ್ತಿನ ಪಟ್ಟಿ ಅವನ ಕೈಯಲ್ಲಿತ್ತು, ಮುಖದ ಎದುರು ಅತ್ತೆಯವರ ಊರುಗೋಲಿತ್ತು.

"ಆಟ ಮುಗಿಯಿತು," ಎಂದೆ. ಸಿದ್ಧಪಡಿಸಿಟ್ಟ ಮಾತು, ಬೇರೇನೂ ಬಾಯಿಗೆ ಬರಲಿಲ್ಲ.

ಇನ್ನು ಮುಚ್ಚುಮರೆ ಏಕೆ? ನೆಲದ ಮೇಲೆ ಕೂತುಕೊಂಡೇ ದೋಷಾರೋಪ ಮಾಡಿದೆ. ಇವಳು ಕಾಯಿದೆ ಮುರಿದಿದ್ದಾಳೆ, ನನ್ನನ್ನು ಬಿಟ್ಟು ಕಂತುಗಳನ್ನು ನೋಡಿದ್ದಾಳೆ, ಅತ್ತೆಯವರೇ ಇದಕ್ಕೆ ಕುಮ್ಮಕ್ಕು. ನಾನು ಕಾಣದ ಮಗಳು, ನಾನು ಕಾಣದ ಆಸ್ಪತ್ರೆ ಇವರ ಬಾಯಿಗೆ ಹೇಗೆ ಬಂದವು? ಹೆಂಡತಿಯ ಮುಖ ಬಿಳಿಚಿಕೊಂಡಿತು. ಷಡ್ಡಕ ನನ್ನ ಕೋಟಿನ ಧೂಳು ಕೊಡವಿ, ಕಳೆದುಹೋದ ಕೊಡೆಯ ಬಗ್ಗೆ ವಿಚಾರಿಸುವ ದನಿಯಲ್ಲಿ ಅವಳನ್ನು ಎರಡೇ ಪ್ರಶ್ನೆ ಕೇಳಿದ.

"ಅತ್ತಿಗೆ, ಆ ಮಗಳು ಬಂದಿದ್ದು ಯಾವ ಕಂತಲ್ಲಿ?"

"ನಾಲ್ಕನೇದ್ರಲ್ಲಿ."

"ಆಗ ಭಾವ ಎಲ್ಲಿದ್ರು?"

"ನನ್ನ ಪಕ್ಕದಲ್ಲೇ," ಎಂದಳು. "ನಿದ್ದೆ ಮಾಡ್ತಿದ್ರು."

ನಾನು ಯೋಚಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆಂದು ವಾದಿಸಿದೆ. ಯೋಚನೆಗೆ ಅಷ್ಟು ಸದ್ದು ಬರುವುದಿಲ್ಲವೆಂದು ಅತ್ತೆ ಪಾಟಿಸವಾಲು ಹಾಕಿದರು. ಷಡ್ಡಕ ಸೋಫಾದ ಮೂಲೆಯಿಂದ ನನ್ನ ದಿಂಬನ್ನು ಎತ್ತಿ ತಿರುಗಿಸಿದ. ಜೊಲ್ಲಿನ ಕಲೆ ಒಂದರ ಮೇಲೊಂದು, ಕಂತುಕಂತಾಗಿ ಅಲ್ಲಿತ್ತು. ಕೊಡೆ ಕಾಯುವವನು ಕೇಸು ಮುಗಿಸಿ ಕೈ ಒರೆಸಿಕೊಂಡ.

ಅಲ್ಲಿಗೆ ಎಲ್ಲರೂ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಹೆಂಡತಿ ನಗಲಿಲ್ಲ.

"ದಿನಾ ನಿಮಗೆ ಎಚ್ಚರ ಆಗ್ಬಾರ್ದು ಅಂತ ಟೀವಿ ಸೌಂಡ್ ಕಮ್ಮಿ ಮಾಡ್ತೀನಿ," ಎಂದಳು. "ಬೆಳಿಗ್ಗೆ ಕಾಫಿ ಕೊಡುವಾಗ ಸುಮ್ನೆ ಮಾತಾಡೋ ಹಾಗೆ ಕಥೆ ಎಲ್ಲ ಮತ್ತೆ ಹೇಳ್ತೀನಿ, ನಿಮಗೆ ಮುಜುಗರ ಆಗ್ಬಾರ್ದು ಅಂತ. ಅಮ್ಮ ಬಂದ್ಮೇಲೆ ಒಂದೆರಡು ದಿನ ತಪ್ಪಿತು, ಅಷ್ಟೇ. ಅದಕ್ಕೆ ರಿಮೋಟಿಗೆ ಪೌಡರ್ ಹಾಕಿ ನನ್ನನ್ನ ಕಳ್ಳಿ ಥರ ಹಿಡಿಯೋಕೆ ನೋಡಿದ್ರಾ?"

ನಾಳಿನ ಕಡೆಯ ಕಂತನ್ನು ತಂಗಿಯ ಮನೆಯಲ್ಲಿ ನೋಡುತ್ತೇನೆ, ನೀವು ಇಲ್ಲೇ ಆರಾಮವಾಗಿ ಮಲಗಿ ಎಂದು ಎದ್ದಳು. ಕೋಟಣ್ಣನ ಕತ್ತಲೆ ಮನೆ, ಒಣಗಿದ ನಿಂಬೆಹಣ್ಣು ನನ್ನ ಕಣ್ಣಮುಂದೆ ಬಂದವು. ಕೋಟು ಕಳಚಿಹಾಕಿ ಅವಳ ಹಿಂದೆ ಹಿಂದೆ ಅಡುಗೆಮನೆಗೆ ಹೋದೆ. ತಪ್ಪಾಯಿತು ಎಂದೆ. ನೀನಿಲ್ಲದೆ ನನಗೆ ಕೊಲೆಯೂ ಬೇಡ, ಕೊಲೆಗಾರನೂ ಬೇಡ ಎಂದೆ. ನಾಳೆ ಒಂದೇ ಒಂದು ಸಲ ಪೂರ್ತಿ ಎಚ್ಚರವಿದ್ದು ನಿನ್ನ ಪಕ್ಕ ಕೂರುತ್ತೇನೆ, ಬೇಕಾದರೆ ನಿಂತುಕೊಂಡೇ ನೋಡುತ್ತೇನೆ ಎಂದೆ. ಅವಳು ಬಹಳ ಹೊತ್ತು ಬಟಾಣಿ ತೊಳೆದಳು. ಅಷ್ಟು ತೊಳೆದ ಬಟಾಣಿಯನ್ನು ನಾನು ಜನ್ಮದಲ್ಲಿ ತಿಂದಿಲ್ಲ.

"ನೋಡೋಣ," ಎಂದಳು ಕೊನೆಗೆ.

ಮಾರನೆಯ ಸಂಜೆ ಗಡ್ಡ ಬೋಳಿಸಿ, ಮುಖಕ್ಕೆ ತಣ್ಣೀರು ಚಿಮುಕಿಸಿ, ಎರಡು ಲೋಟ ಗಟ್ಟಿ ಕಾಫಿ ಇಳಿಸಿ, ಸೋಫಾ ಬಿಟ್ಟು ಅಡುಗೆಮನೆಯ ಮರದ ಸ್ಟೂಲಿನ ಮೇಲೆ ನೆಟ್ಟಗೆ ಕೂತೆ. ಹೆಂಡತಿ ಪಕ್ಕದಲ್ಲಿದ್ದಳು. ಅತ್ತೆ ಸೋಫಾದ ನಡುವೆ. ನನ್ನ ಪ್ರತಿಜ್ಞೆ ನೋಡಲೆಂದೇ ಷಡ್ಡಕನೂ ಬಂದಿದ್ದ. ನಾನು ಅಂದು ಎಚ್ಚರವಾಗಿದ್ದೆ, ಸ್ವಾಮಿ! ಶುರುವಿನ ಹಾಡಿನಿಂದ ಹಿಡಿದು ಒಂದು ಕ್ಷಣವೂ ರೆಪ್ಪೆ ಮುಚ್ಚಲಿಲ್ಲ. ಕಂತುಗಳು ಇಷ್ಟು ಉದ್ದ ಇರುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ಹೆಂಡತಿ ಎರಡು ಸಲ ವಾರೆಗಣ್ಣಿನಲ್ಲಿ ನನ್ನನ್ನು ನೋಡಿದಳು, ಎರಡನೇ ಸಲ ಅವಳ ಮುಖ ಅರಳಿತ್ತು. ಅದನ್ನು ಕಂಡು ನನಗೆ ಆನೆಬಲ ಬಂತು.

ಕೋಟಣ್ಣ ಬಂಗಲೆಯ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿದ. ಡಾಕ್ಟರು, ವಕೀಲ, ವಿಧವೆಯ ಅಣ್ಣನ ಮಗ, ಪಿಯಾನೋ ಟೀಚರು. ನಿಧಾನವಾಗಿ ಕೈ ಎತ್ತಿದ. ನಾನು ಸ್ಟೂಲಿನಿಂದ ಎದ್ದೆ. "ನಿಲ್ಸಿ," ಎಂದೆ. ಹೆಂಡತಿ ರಿಮೋಟು ಒತ್ತಿದಳು. ಕೋಟಣ್ಣ ಬೆರಳೆತ್ತಿಕೊಂಡು ಹಾಗೇ ನಿಂತ.

"ಮೊದಲನೇ ದಿನವೇ ಹೇಳಿದ್ದೆ, ಇವತ್ತೂ ಹೇಳ್ತೀನಿ. ಇವರ್ಯಾರೂ ಅಲ್ಲ. ಇಷ್ಟು ದಿನ ತಲೆಮರೆಸ್ಕೊಂಡಿರೋ ಆ ಮಾಲಿಯೇ ಕೊಲೆಗಾರ!"

ಅತ್ತೆ ತಮ್ಮ ಮಂಡಿಯನ್ನು ನೋಡಿಕೊಂಡರು. ಹೆಂಡತಿ ಮೆಲ್ಲಗೆ ನನ್ನ ಕೈ ಹಿಡಿದು ಕೂರಿಸಿದಳು.

"ಮಾಲಿ ಮೂರನೇ ಕಂತಲ್ಲೇ ತೀರಿಹೋದ," ಎಂದಳು. "ಅವನನ್ನೂ ಕೊಂದ್ರು. ಅವನ ಅಂತ್ಯಸಂಸ್ಕಾರ ನಡೀವಾಗ ನೀವು ಪಕ್ಕದಲ್ಲೇ ಇದ್ರಿ."

"ಆ ಗೊರಕೇಲಿ ಅವನ ಹೆಂಡ್ತಿ ಅಳೋದೇ ನನಗೆ ಕೇಳಿಸ್ಲಿಲ್ಲ," ಎಂದರು ಅತ್ತೆ.

ಸತ್ತವರ ಮೇಲೆ ಕೇಸು ಹಾಕಲು ಬರುವುದಿಲ್ಲವೆಂದು ಷಡ್ಡಕ ಕಾನೂನು ತಿಳಿಸಿದ.

"ಮತ್ತೆ ಎಲ್ಲಾ ಕಥೆ ಹೇಳ್ತಿದ್ದೆಯಲ್ಲ, ಇದನ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀವು ಅಷ್ಟು ಖುಷಿಯಾಗಿ ಮಾಲಿ ಮಾಲಿ ಅಂತ ಓಡಾಡ್ತಿದ್ರಿ. ಹೇಗೆ ಹೇಳೋದು? ಮನಸ್ಸು ಬರ್ಲಿಲ್ಲ."

ಪ್ರತಿಜ್ಞೆಯ ಪ್ರಕಾರ ರಿಮೋಟು ಅವಳದೇ ಎಂದು ಒಪ್ಪಿಕೊಂಡು, ಸ್ಟೂಲನ್ನು ಕಾಲಿಗೆ ಎಳೆದುಕೊಂಡು, ಸೋಫಾದ ನನ್ನ ಮೂಲೆಗೆ ಹೋಗಿ ಕೂತೆ. ಅವಳು ದಿಂಬನ್ನು ತಿರುಗಿಸಿ ನನ್ನ ಕುತ್ತಿಗೆಯ ಹಿಂದೆ ಇಟ್ಟಳು. ಟೀವಿಯಲ್ಲಿ ಕೋಟಣ್ಣನಿಗೆ ಮತ್ತೆ ಜೀವ ಬಂತು. ಅವನ ಬೆರಳು ಡಾಕ್ಟರನ್ನು ದಾಟಿತು, ವಕೀಲನನ್ನು ದಾಟಿತು. ಅವನ ದನಿ ಮಾತ್ರ ಯಾಕೋ ಸಣ್ಣಗಾಗುತ್ತ ಬಂತು. ಹೆಂಡತಿಯ ಹೆಬ್ಬೆರಳು ರಿಮೋಟಿನ ಮೇಲಿತ್ತು.

ಕೊಲೆಗಾರ ಯಾರೆಂದು ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಕಾಫಿಯ ಜೊತೆಗೆ.